ಕೇಸ್ ಹಾರ್ಡನ್ ಪಿನ್: ರಾಕ್‌ವೆಲ್ ‘ಸಿ’ ರೀಡಿಂಗ್ ಯಾಕೆ ಕಮ್ಮಿ ಬರ್ತಿದೆ?

ಪ್ರಶ್ನೆ
12 ಮಿ.ಮೀ. ವ್ಯಾಸದ ಪಿನ್, ಕಾರ್ಬುರೈಸ್ ಮಾಡಿ (ಮೇಲ್ಪದರಕ್ಕೆ ಇಂಗಾಲ ಸೇರಿಸಿ ಗಟ್ಟಿ ಮಾಡಿ) ಗ್ರೈಂಡ್ ಆಗಿದೆ. ಡ್ರಾಯಿಂಗ್‌ನಲ್ಲಿ 58–62 ಎಚ್‌ಆರ್‌ಸಿ (ರಾಕ್‌ವೆಲ್ ‘ಸಿ’ ಗಡಸುತನ), ಕೇಸ್ ಆಳ (ಗಟ್ಟಿ ಮೇಲ್ಪದರದ ದಪ್ಪ) 0.4 ಮಿ.ಮೀ. ವಿ-ಆನ್ವಿಲ್ (ವಿ ಆಕಾರದ ಗ್ರೂವ್ ಇರುವ ಪೀಠ) ಮೇಲಿಟ್ಟು 150 ಕೆಜಿ ಲೋಡ್ ಕೊಟ್ಟರೆ 51ರಿಂದ 56ರ ನಡುವೆ ಓಡಾಡುತ್ತೆ. ಟೆಸ್ಟ್ ಬ್ಲಾಕ್ (ಗಡಸುತನ ಮೊದಲೇ ಗೊತ್ತಿರುವ ತುಂಡು) ಮೇಲೆ ಮಾತ್ರ ಸರಿಯಾಗಿ 60. ಹೀಟ್ ಟ್ರೀಟ್‌ಮೆಂಟ್‌ನವರು ಲಾಟ್ ಚೆನ್ನಾಗಿದೆ ಅಂತಾರೆ. ತಪ್ಪು ಮೆಷಿನ್ನಿನದಾ, ಪಿನ್ನಿನದಾ?

ಉತ್ತರ 1
ಬಹುಶಃ ಎರಡರದೂ ಅಲ್ಲ, ಸ್ಕೇಲ್ ಆಯ್ಕೆಯದು. ‘ಸಿ’ ಸ್ಕೇಲ್‌ನಲ್ಲಿ ಒಂದು ಪಾಯಿಂಟ್ ಅಂದರೆ 0.002 ಮಿ.ಮೀ. ಆಳ. ಎಣಿಕೆ 100ರಿಂದ ಕೆಳಕ್ಕೆ, ಹಾಗಾಗಿ 60 ಬರಬೇಕಾದರೆ ವಜ್ರದ ಮೊನೆ 40 ಪಾಯಿಂಟ್, ಅಂದರೆ 0.08 ಮಿ.ಮೀ. ಇಳಿದಿರುತ್ತೆ. ಗಟ್ಟಿ ಪದರ ಈ ಆಳದ ಹತ್ತರಷ್ಟಾದರೂ ಇರಬೇಕು: 0.8 ಮಿ.ಮೀ. ನಿಮ್ಮಲ್ಲಿ ಅದರ ಅರ್ಧ. ಒಳಗಿನ ಮೆತ್ತನೆ ಕೋರ್ ಕುಸಿಯುತ್ತೆ, ಮೇಲಿನ ಕೇಸ್ ಅದರ ಜೊತೆ ಬಗ್ಗುತ್ತೆ, ಡಯಲ್ ಕಮ್ಮಿ ತೋರಿಸುತ್ತೆ. ಬ್ಲಾಕ್ ಪೂರ್ತಿ ಗಟ್ಟಿ, ಅದಕ್ಕೇ ಅಲ್ಲಿ ಸರಿ ಬರುತ್ತೆ.

ಸೂಪರ್‌ಫಿಷಿಯಲ್ ಮೆಷಿನ್ (ಕಮ್ಮಿ ಲೋಡಿನ ರಾಕ್‌ವೆಲ್) ಇದ್ದರೆ 15ಎನ್ ಸ್ಕೇಲ್ ಹಾಕಿ: 3 ಕೆಜಿ ಪ್ರೀಲೋಡ್ (ಮೊದಲು ಕೊಡುವ ಸಣ್ಣ ಲೋಡ್), ಒಟ್ಟು 15 ಕೆಜಿ. 60 ಎಚ್‌ಆರ್‌ಸಿಗೆ ಸರಿಸಮ ಸುಮಾರು 90. ಅಲ್ಲಿ 90ರ ಆಸುಪಾಸು ಬಂದರೆ ಮೇಲ್ಮೈ ಸರಿಯಿದೆ. ಅಲ್ಲೂ ಕಮ್ಮಿ ಬಂದರೆ ಡೀಕಾರ್ಬ್ (ಮೇಲ್ಮೈಯಲ್ಲಿ ಇಂಗಾಲ ಕಳೆದುಹೋಗಿರುವುದು), ಗ್ರೈಂಡಿಂಗ್ ಬರ್ನ್ (ಗ್ರೈಂಡಿಂಗ್ ಬಿಸಿಗೆ ಮೆತ್ತಗಾಗಿರುವುದು) ಅಥವಾ ಉಳಿದುಕೊಂಡ ಆಸ್ಟನೈಟ್ (ಗಟ್ಟಿಯಾಗಿ ಬದಲಾಗದೆ ಉಳಿದ ಉಕ್ಕಿನ ರೂಪ) ಹುಡುಕಿ. ಸಾಮಾನ್ಯ ಮೆಷಿನ್ ಮಾತ್ರ ಇದ್ದರೆ ‘ಎ’ ಸ್ಕೇಲ್, 60 ಕೆಜಿ. ಅದು 0.4ಕ್ಕೆ ಅಂಚಿನಲ್ಲಿ ನಿಲ್ಲುತ್ತೆ, ನನಗೆ ಅಷ್ಟು ನೆಚ್ಚಿಕೆ ಇಲ್ಲ.

ಉತ್ತರ 2
ರೀಡಿಂಗ್ ಕಮ್ಮಿ ಆಗೋದಕ್ಕೆ ಮೇಲಿನದು ಸರಿ, ಆದರೆ 5 ಪಾಯಿಂಟ್ ಚೆದುರುವಿಕೆಗೆ ಬೇರೆ ಕಾರಣವೂ ಇರಬಹುದು. ಪಿನ್ ಕೆಳಗೆ ಸಿಕ್ಕ ಗ್ರೈಂಡಿಂಗ್ ದೂಳು ಲೋಡ್ ಬಿದ್ದಾಗ 0.01 ಮಿ.ಮೀ. ಅಮುಕಿಕೊಂಡರೂ ಸಾಕು, 5 ಪಾಯಿಂಟ್ ಹೋಯಿತು! ಆನ್ವಿಲ್ ಬುಡ ಬಿಚ್ಚಿ ಒರೆಸಿ, ವಿ ಗ್ರೂವ್‌ನಲ್ಲಿ ಹಳೇ ಕಚ್ಚು ಇದೆಯಾ ನೋಡಿ. ಇಂಡೆಂಟರ್ (ವಜ್ರದ ಮೊನೆ) ಬದಲಿಸಿದ ಮೇಲಿನ ಮೊದಲ ಒಂದೆರಡು ರೀಡಿಂಗ್ ಬಿಟ್ಟುಬಿಡಿ, ಅದು ಕೂರುವವರೆಗೆ ನಂಬಿಕೆಯಿಲ್ಲ. ಮೊನೆ ಒತ್ತಿದ ಗುಳಿಯಿಂದ ಗುಳಿಗೆ ಕನಿಷ್ಠ ಗುಳಿಯ ಮೂರು ವ್ಯಾಸದ ಅಂತರ ಬೇಕು, ಹಿಂದೆ ಒತ್ತಿದ ಜಾಗಕ್ಕೆ ಪಿನ್ ತಿರುಗಿಸಿ ಕೂರಿಸಬೇಡಿ. ಉಬ್ಬು ಮೇಲ್ಮೈಯಲ್ಲಿ ರೀಡಿಂಗ್ ಸ್ವಲ್ಪ ಇಳಿಯುತ್ತೆ, ಪಿನ್ ವ್ಯಾಸಕ್ಕೆ ತಕ್ಕ ತಿದ್ದುಪಡಿಯನ್ನು ಟೇಬಲ್ ನೋಡಿ ಕೂಡಿಸಬೇಕು.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್. ತಿದ್ದುಪಡಿ ಸೇರಿಸಿ 15ಎನ್‌ನಲ್ಲಿ 90 ಬಂತು. ಕೇಸ್ ಆಳ 0.4 ಇದೆಯಾ ಅಂತ ಖಾತ್ರಿ ಮಾಡೋದು ಹೇಗೆ?

ಉತ್ತರ 1
ಪಿನ್ ಅಡ್ಡ ಕತ್ತರಿಸಿ, ಮೌಂಟ್ ಮಾಡಿ, ಪಾಲಿಶ್ ಮಾಡಿ ವಿಕರ್ಸ್ ಟೆಸ್ಟ್ (ಪಿರಮಿಡ್ ಮೊನೆ ಒತ್ತಿದ ಗುಳಿಯ ಕರ್ಣ ಅಳೆಯುವ ವಿಧಾನ), 1 ಕೆಜಿ ಲೋಡ್. ಕತ್ತರಿಸುವಾಗ ಕೂಲಂಟ್ ಧಾರಾಳವಾಗಿರಲಿ, ಬಿಸಿಯಾದರೆ ಕೇಸ್ ಟೆಂಪರ್ ಆಗಿ ಮೆತ್ತಗಾಗಿಬಿಡುತ್ತೆ. 700 ಎಚ್‌ವಿಗೆ (ವಿಕರ್ಸ್ ಗಡಸುತನದ ಅಂಕ) ಗುಳಿಯ ಕರ್ಣ ಸುಮಾರು 0.051 ಮಿ.ಮೀ., ಹಾಗಾಗಿ ಮೊದಲ ಗುಳಿ ಅಂಚಿನಿಂದ ಕರ್ಣದ ಎರಡೂವರೆ ಪಟ್ಟು, ಅಂದರೆ 0.13 ಮಿ.ಮೀ. ದೂರದಲ್ಲಿರಲಿ. ಆಮೇಲೆ 0.1 ಹೆಜ್ಜೆ, ಆದರೆ ಒಂದೇ ಸಾಲಿನಲ್ಲಿ ಬೇಡ, ಗುಳಿಗಳು ತೀರ ಹತ್ತಿರವಾಗುತ್ತವೆ. ಎರಡು ಸಾಲಿನಲ್ಲಿ ಓರೆಕೋರೆಯಾಗಿ ಹಾಕಿ. 550 ಎಚ್‌ವಿಗೆ ಇಳಿಯುವ ಜಾಗವೇ ಕೇಸ್ ಆಳ. ಕರ್ಣ ಅಳೆಯುವಾಗ 1 ಮೈಕ್ರಾನ್ ತಪ್ಪಿದರೆ ಸುಮಾರು 27 ಎಚ್‌ವಿ ವ್ಯತ್ಯಾಸ, ಫೋಕಸ್ ಚೂಪಾಗಿರಲಿ. ಮೌಂಟಿಂಗ್ ರೆಸಿನ್ ಗಟ್ಟಿಯದೇ ಬೇಕು. ಮೆತ್ತಗಿದ್ದರೆ ಪಾಲಿಶ್‌ನಲ್ಲಿ ಅಂಚು ದುಂಡಗಾಗಿ, ಮೊದಲ ಗುಳಿ ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ ಬರುತ್ತೆ.