ಸಹಾಯ ಬೇಕು: ಸಿಂಡರೆಲ್ಲಾ ನಿಜಕ್ಕೂ ಬಡವರ ಮಗಳೇ?

ಎಲ್ಲರಿಗೂ ನಮಸ್ಕಾರ. ಯುರೋಪಿನ ಕಿನ್ನರ ಕಥೆಗಳ ನೀತಿ ಮತ್ತು ವರ್ಗದ ಬಗ್ಗೆ ವಿಚಾರಗೋಷ್ಠಿಗೆ ಪ್ರಬಂಧ ಬರೆಯಲು ಕುಳಿತು ಸಿಕ್ಕಿಹಾಕಿಕೊಂಡಿದ್ದೇನೆ.

1697ರಲ್ಲಿ ಫ್ರಾನ್ಸಿನ ಷಾರ್ಲ್ ಪೆರೋ ಪ್ರಕಟಿಸಿದ ಕಥೆಯಲ್ಲಿ ಸಿಂಡರೆಲ್ಲಾ ಕುಲೀನನ ಮಗಳು. ಅವಳನ್ನು ಬೂದಿಗೆ ತಳ್ಳಿದ್ದು ಮಲತಾಯಿ, ಬಡತನವಲ್ಲ. ಕೊನೆಗೆ ಎರಡು ನೀತಿಪದ್ಯಗಳಿವೆ. ರೂಪಕ್ಕಿಂತ ಸೌಜನ್ಯ ದೊಡ್ಡದು ಎನ್ನುವುದು ಮೊದಲನೆಯದು. ಬುದ್ಧಿ, ಧೈರ್ಯ, ಕುಲ ಎಲ್ಲ ಇದ್ದರೂ ಕೈಹಿಡಿದು ಮೇಲೆತ್ತುವವರಿಲ್ಲದಿದ್ದರೆ ವ್ಯರ್ಥ ಎನ್ನುವುದು ಎರಡನೆಯದು. ನಮ್ಮ ಭಾಷೆಯಲ್ಲಿ ವಶೀಲಿ!

ಅದೇ ಪೆರೋನ ಇನ್ನೊಂದು ಕಥೆಯಲ್ಲಿ ಬೂಟು ತೊಟ್ಟ ಬೆಕ್ಕು ಗಿರಣಿಯವನ ಕಿರಿಮಗನನ್ನು ಸುಳ್ಳಿನ ಮೇಲೆ ಸುಳ್ಳು ಹೇಳಿ ಮಾರ್ಕ್ವಿಸ್ (ದೊಡ್ಡ ಕುಲೀನ ಪದವಿ) ಮಾಡುತ್ತದೆ. ಹೊಲ ನಮ್ಮ ಧಣಿಯದು ಎನ್ನದಿದ್ದರೆ ಕೊಚ್ಚಿಹಾಕಿಸುತ್ತೇನೆ ಎಂದು ಅದು ಹೆದರಿಸುವುದು ಹುಲ್ಲು ಕೊಯ್ಯುವ ಕೂಲಿಗಳನ್ನು. ಇದಕ್ಕೆ ಕೊಟ್ಟ ನೀತಿಯೋ, ಪಿತ್ರಾರ್ಜಿತಕ್ಕಿಂತ ದುಡಿಮೆ, ಜಾಣ್ಮೆ ಮೇಲು ಎಂದು! ಯಾರ ದುಡಿಮೆ?

ಹೋಲಿಕೆಗೆ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ 'ಹಂಚಿ'ಯನ್ನು ತರುವ ಯೋಚನೆಯಿದೆ. ಚಿನ್ನದ ಕೂದಲಿನ ಹುಡುಗಿ ಮಣ್ಣಿನ ಮುಖವಾಡ ತೊಟ್ಟು ಬದುಕುವ ಕಥೆ ಅದು. ನಿಮ್ಮ ಅಜ್ಜಿಯೋ ಅತ್ತೆಯೋ ಇದನ್ನು ಹೇಳಿದ್ದಾರೆಯೇ? ಹೇಳಿದ್ದರೆ ಕೊನೆಗೆ ನೀತಿ ಸೇರಿಸುತ್ತಿದ್ದರೇ, ಅಥವಾ ಮದುವೆ ಊಟದಲ್ಲೇ ಮುಗಿಸುತ್ತಿದ್ದರೇ? ಊರಿನ ಹೆಸರೊಂದಿಗೆ ಎರಡು ಸಾಲು ಬರೆದರೂ ಸಾಕು. ಮುಂದಿನ ಶನಿವಾರದೊಳಗೆ ಪ್ರಬಂಧ ಒಪ್ಪಿಸಬೇಕು.