ಅಡ್ಡಹೆಸರಿನ ಕಾಗುಣಿತ ಭೇದಗಳನ್ನು ವಂಶವೃಕ್ಷದಲ್ಲಿ ಹೇಗೆ ದಾಖಲಿಸಬೇಕು?

ಪ್ರಶ್ನೆ

ನಮಸ್ಕಾರ. ಕುಮಟಾ ಮತ್ತು ಮಂಗಳೂರಿನಲ್ಲಿ ನೆಲೆಸಿರುವ ನಮ್ಮ ಕುಟುಂಬದ ಎರಡು ಕವಲುಗಳ ವಂಶವೃಕ್ಷವನ್ನು ಸಿದ್ಧಪಡಿಸುತ್ತಿದ್ದೇನೆ. ಹಳೆಯ ಭೂದಾಖಲೆಯಲ್ಲಿ ‘ಕಾಮತಿ’ ಎಂದೂ, ಮುತ್ತಜ್ಜನವರ ಕ್ರಯಪತ್ರದಲ್ಲಿ ‘ಕಾಮತ’ ಎಂದೂ, ಈಗಿನವರ ಗುರುತಿನ ಚೀಟಿಗಳಲ್ಲಿ ‘ಕಾಮತ್’ ಎಂದೂ ಇದೆ. ಇಂಗ್ಲಿಷಿನಲ್ಲಿ ಕುಮಟಾದವರು ಕೊನೆಗೆ ‘ಟಿ’ ಅಕ್ಷರವನ್ನಷ್ಟೇ ಬರೆಯುತ್ತಾರೆ. ಮಂಗಳೂರಿನವರು ಅದಕ್ಕೆ ‘ಎಚ್’ ಸೇರಿಸುತ್ತಾರೆ. ಎಲ್ಲವನ್ನೂ ಒಂದೇ ರೂಪಕ್ಕೆ ತಂದರೆ ಓದುವವರಿಗೆ ಅನುಕೂಲವಾದೀತು, ಆದರೆ ದಾಖಲೆಯನ್ನೇ ತಿದ್ದಿದಂತಾಗುವುದೇ ಎಂಬ ಅಳುಕಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ದಯವಿಟ್ಟು ಒಂದೇ ರೂಪಕ್ಕೆ ತರಬೇಡಿ. ಉತ್ತರ ಕನ್ನಡವು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ದಕ್ಷಿಣ ಕನ್ನಡವು ರಾಜ್ಯ ಪುನರ್ವಿಂಗಡಣೆಯಾದ 1956ರವರೆಗೂ ಮದ್ರಾಸಿನಲ್ಲೇ ಉಳಿಯಿತು. ತಕಾರಕ್ಕೆ ‘ಟಿಎಚ್’ ಬರೆಯುವುದು ದಕ್ಷಿಣದ ರೂಢಿ, ಬರಿಯ ‘ಟಿ’ ಮುಂಬಯಿ ಕಡೆಯ ರೂಢಿ. ಆದ್ದರಿಂದ ಕುಮಟಾದಲ್ಲಿ ಹುಟ್ಟಿದವರೊಬ್ಬರ ಹೆಸರಿನಲ್ಲಿ ‘ಎಚ್’ ಕಂಡರೆ, ಅವರು ಮಂಗಳೂರಿನ ಕಡೆ ಓದಿರಬಹುದೇ, ನೌಕರಿಗೆ ಸೇರಿರಬಹುದೇ ಎಂದು ಅಲ್ಲಿನ ಶಾಲಾ ದಾಖಲಾತಿ ಪುಸ್ತಕಗಳನ್ನು ನೋಡುವುದಕ್ಕೆ ಅದೊಂದು ಸುಳಿವಾಗುತ್ತದೆ. ನೀವು ತಿದ್ದಿಬಿಟ್ಟರೆ ಆ ಸುಳಿವು ಅಳಿಸಿಹೋಗುತ್ತದೆ.

ಮರದ ಮೇಲೆ ಕಾಣುವುದಕ್ಕೆ ‘ಕಾಮತ್’ ಎಂಬ ಒಂದು ರೂಪವನ್ನು ಆರಿಸಿಕೊಳ್ಳಿ. ಅದರ ಕೆಳಗೆ ಪ್ರತಿಯೊಂದು ರೂಪವನ್ನೂ ದಾಖಲೆಯಲ್ಲಿ ಇದ್ದಂತೆಯೇ, ಯಾವ ಪತ್ರ, ಯಾವ ವರ್ಷ, ಯಾವ ಲಿಪಿ ಎಂಬ ವಿವರದೊಡನೆ ಬರೆದಿಡಿ. ವಂಶಾವಳಿಯ ತಂತ್ರಾಂಶಗಳು ಬಳಸುವ ಜೆಡ್‌ಕಾಂ ಮಾದರಿಯಲ್ಲಿ ಒಬ್ಬ ವ್ಯಕ್ತಿಗೆ ಒಂದಕ್ಕಿಂತ ಹೆಚ್ಚು ಹೆಸರುಗಳನ್ನು ಕೊಡಲು ಅವಕಾಶವಿದೆ.

ಎರಡನೆಯ ಉತ್ತರ

ಮೇಲಿನವರ ಮಾತನ್ನು ಒಪ್ಪುತ್ತೇನೆ. ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸಬೇಕು. ರೂಪಗಳು ಹೋಲುತ್ತವೆ ಎಂದ ಮಾತ್ರಕ್ಕೆ ಮನೆತನ ಒಂದೇ ಎಂದು ತೀರ್ಮಾನಿಸಬಾರದು. ಶಾನುಭೋಗ, ಶಾನಭಾಗ ಎಂಬ ಹೆಸರುಗಳು ಊರಿನ ಲೆಕ್ಕ ಬರೆಯುವ ಹುದ್ದೆಯಿಂದ ಬಂದವು, ಹೀಗಾಗಿ ಸಂಬಂಧವೇ ಇಲ್ಲದ ಅನೇಕ ಮನೆಗಳಿಗೆ ಅವು ಅಂಟಿಕೊಂಡಿವೆ. ತಂದೆಯ ಹೆಸರು, ಗೋತ್ರ, ಕುಲದೇವರು, ಜಮೀನಿನ ಸರ್ವೆ ನಂಬರು, ಇವುಗಳಲ್ಲಿ ಎರಡಾದರೂ ತಾಳೆಯಾಗುವವರೆಗೆ ಎರಡು ನಮೂದುಗಳನ್ನು ಕೂಡಿಸಬೇಡಿ.

ಮೂರನೆಯ ಉತ್ತರ

ಹುಡುಕಾಟದ ಬಗ್ಗೆಯೂ ಒಂದು ಮಾತು. ಉಚ್ಚಾರಣೆಯ ಹೋಲಿಕೆಯಿಂದ ಹೆಸರುಗಳನ್ನು ಗುಂಪು ಮಾಡುವ, ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಪಡೆದ ‘ಸೌಂಡೆಕ್ಸ್’ ಪದ್ಧತಿಯು ‘ಎಚ್’ ಅಕ್ಷರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಕಾಮತ್‌ನ ಎರಡೂ ಇಂಗ್ಲಿಷ್ ರೂಪಗಳಿಗೆ ‘ಕೆ530’ ಎಂಬ ಒಂದೇ ಸಂಕೇತ ಸಿಗುತ್ತದೆ, ನಿಮಗೆ ತೊಂದರೆಯಿಲ್ಲ. ನಮ್ಮ ಕ್ರೈಸ್ತ ಮನೆಗಳ ಪಾಡು ಬೇರೆ. ಮೊದಲ ಅಕ್ಷರ ಹಾಗೆಯೇ ಉಳಿಯುವುದರಿಂದ ಡಿಸೋಜ ‘ಡಿ220’ ಆಗುತ್ತದೆ, ಬರಿಯ ಸೋಜ ‘ಎಸ್200’ ಆಗುತ್ತದೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದೇ ಇಲ್ಲ. ಗೋವೆಯ ಕಡತಗಳಲ್ಲಿ 1911ರ ಪೋರ್ಚುಗೀಸ್ ಕಾಗುಣಿತ ಸುಧಾರಣೆಯ ನಂತರ ‘ಝಡ್’ ಇದ್ದೆಡೆ ‘ಎಸ್’ ಕೂಡ ಬರುತ್ತದೆ. ಆದುದರಿಂದ ತಾವು ಪಟ್ಟಿ ಮಾಡಿಟ್ಟ ಒಂದೊಂದು ರೂಪವನ್ನೂ ಬೇರೆ ಬೇರೆಯಾಗಿಯೇ ಹುಡುಕಿ, ಏನೂ ಸಿಗದಿದ್ದರೆ ಅದನ್ನೂ ದಿನಾಂಕದೊಡನೆ ಬರೆದಿಡಿ.