ಅಪ್‌ಡೇಟ್: ಭಿನ್ನರಾಶಿ ಇರೋ ಸಮೀಕರಣ ಬಿಡಿಸಿದ್ವಿ

ಮೊನ್ನೆ (ಎಕ್ಸ್+1)/2 − (ಎಕ್ಸ್−3)/5 = 5 ಇದನ್ನ ಎಂಟನೇ ಕ್ಲಾಸ್ ಮಗಳಿಗೆ ಹೇಗೆ ಹೇಳ್ಕೊಡೋದು ಅಂತ ಕೇಳಿದ್ನಲ್ಲ, ಛೇದಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದ್ರೆ ಎರಡರಿಂದ್ಲೂ ಭಾಗವಾಗೋ ಅತಿ ಚಿಕ್ಕ ಸಂಖ್ಯೆ) ತಗೊಳ್ಳಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. 2 ಮತ್ತು 5ರ ಲ.ಸಾ.ಅ. 10, ಅದ್ರಿಂದ ಎರಡೂ ಕಡೆ ಗುಣಿಸಿದ್ರೆ ಛೇದಗಳು ಹೋಗಿ 5(ಎಕ್ಸ್+1) − 2(ಎಕ್ಸ್−3) = 50 ಆಗತ್ತೆ, ಬಲಗಡೆ 5ಕ್ಕೂ 10 ಬೀಳ್ಲೇಬೇಕು. ಆಮೇಲೆ −2 ಇಂಟು −3 ಪ್ಲಸ್ 6 ಆಗತ್ತೆ, ಅವಳು ನಿಂತಿದ್ದು ಇಲ್ಲೇ, ಭಿನ್ನರಾಶಿ ಗೆರೆನೇ ಬ್ರಾಕೆಟ್ ಕೆಲಸ ಮಾಡತ್ತೆ, ಮೈನಸ್ ಅನ್ನೋದು ಗೆರೆ ಮೇಲಿರೋ ಪೂರ್ತಿ ಅಂಶಕ್ಕೆ ಸೇರತ್ತೆ ಅಂತ ನಿಮ್ಮಲ್ಲೊಬ್ರು ಬರೆದಿದ್ದನ್ನೇ ಓದಿ ಹೇಳ್ದೆ, ತಕ್ಷಣ ಹಿಡಿದ್ಲು, ಎಷ್ಟು ಖುಷಿಯಾಯ್ತು ಗೊತ್ತಾ! 3ಎಕ್ಸ್ + 11 = 50, ಎಕ್ಸ್ = 13. ವಾಪಸ್ ಹಾಕಿದ್ರೆ 14/2 ಅಂದ್ರೆ 7, 10/5 ಅಂದ್ರೆ 2, ಕಳೆದ್ರೆ 5, ಸರಿಹೋಯ್ತು. ಈಗ ಛೇದದಲ್ಲೇ ಎಕ್ಸ್ ಇರೋ ಲೆಕ್ಕ ಶುರು ಮಾಡಿದಾಳೆ, ಛೇದ ಸೊನ್ನೆ ಆಗೋ ಬೆಲೆ ಬಂದ್ರೆ ಅದನ್ನ ಉತ್ತರ ಅಂತ ತಗೋಬೇಡ ಅಂತ ಮೊದಲೇ ಹೇಳಿದೀನಿ.